ಎಣಿಸುವವರೇ ಎಲ್ಲ, ನೋಡುವವರು ಯಾರು?

ಬೇಸಿಗೆಯ ಒಂದು ದಿನ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುತ್ತದೆ. ಅಂದು ರಾಜ್ಯವೆಲ್ಲ ಕೇಳುವುದು ಒಂದೇ ಪ್ರಶ್ನೆ: ನಮ್ಮ ಜಿಲ್ಲೆ ಎಷ್ಟನೆಯದು? ಮೊದಲ ಸ್ಥಾನದ ಜಿಲ್ಲೆಯಲ್ಲಿ ಸಿಹಿ ಹಂಚುತ್ತಾರೆ, ಕೊನೆಯ ಸ್ಥಾನದ ಜಿಲ್ಲೆಯಲ್ಲಿ ನೋಟಿಸ್ ಹಂಚುತ್ತಾರೆ. ಮಗು ಏನು ಕಲಿಯಿತು ಎಂದು ಕೇಳಲು ಆ ದಿನ ಯಾರಿಗೂ ಪುರುಸೊತ್ತಿಲ್ಲ. ಉಳಿದ ದಿನಗಳಲ್ಲಿ ನೆನಪಿಲ್ಲ.

ಈ ಶೇಕಡಾವಾರಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಓದಬೇಕು. 2021ರಲ್ಲಿ ಕೊರೊನಾ ಕಾರಣಕ್ಕೆ ಬಹು ಆಯ್ಕೆಯ ಸರಳ ಪರೀಕ್ಷೆ ನಡೆಯಿತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ ಎಂಬ ಭರವಸೆಯೂ ಇತ್ತು. ಫಲಿತಾಂಶ ಶೇ 99.9. ಎಂಟೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಫೇಲಾದದ್ದು ಒಬ್ಬರು ಮಾತ್ರ. ಅವರ ಹೆಸರಿನಲ್ಲಿ ಬೇರೊಬ್ಬರು ಬಂದು ಪರೀಕ್ಷೆ ಬರೆದಿದ್ದರು. ಆ ವರ್ಷ ಫೇಲಾಗುವುದಕ್ಕೂ ಇನ್ನೊಬ್ಬರ ಸಹಾಯ ಬೇಕಿತ್ತು.

ಮುಂದಿನ ಎರಡು ವರ್ಷ ಮಾಮೂಲಿ ಪರೀಕ್ಷೆ. 2022ರಲ್ಲಿ ಶೇ 85.63, 2023ರಲ್ಲಿ ಶೇ 83.89. ಎಲ್ಲರೂ ಸಮಾಧಾನದಿಂದಿದ್ದರು. ಸಮಾಧಾನ ಕೆಡಿಸುವಂಥ ಪ್ರಶ್ನೆ ಕೇಳುವ ಅಭ್ಯಾಸ ನಮ್ಮ ಶಿಕ್ಷಣ ವ್ಯವಸ್ಥೆಗೆ ಮೊದಲಿನಿಂದಲೂ ಇಲ್ಲ.

2024ರಲ್ಲಿ ಪರೀಕ್ಷಾ ಮಂಡಳಿ ಒಂದು ಸಣ್ಣ ಕೆಲಸ ಮಾಡಿತು. ಕೊಠಡಿಗಳಿಗೆ ಕ್ಯಾಮೆರಾ ಹಾಕಿಸಿ, ವೆಬ್‌ಕಾಸ್ಟಿಂಗ್ ಮೂಲಕ ಒಳಗೆ ಏನು ನಡೆಯುತ್ತಿದೆ ಎಂದು ನೋಡತೊಡಗಿತು. ಅದೇ ಶಾಲೆ, ಅದೇ ಮೇಷ್ಟ್ರು, ಅದೇ ಪುಸ್ತಕ. ಫಲಿತಾಂಶ ಮಾತ್ರ ಶೇ 73.40ಕ್ಕೆ ಇಳಿಯಿತು. ನಾವು ವರ್ಷ ವರ್ಷ ಮೆಚ್ಚಿ ತಲೆದೂಗಿದ್ದ ಅಂಕಿಯಲ್ಲಿ ಒಂದು ಪಾಲು, ಯಾರೂ ನೋಡುತ್ತಿಲ್ಲ ಎಂಬ ಕಾರಣಕ್ಕೇ ಬಂದಿತ್ತು.

ಆ 73.40 ಕೂಡ ಹಾಗೇ ಬಂದದ್ದಲ್ಲ. ಬಂದದ್ದನ್ನು ನೋಡಿ ಗಾಬರಿಯಾಗಿ, ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದರು. ಅದಿಲ್ಲದಿದ್ದರೆ ಫಲಿತಾಂಶ ಶೇ 55ನ್ನೂ ಮುಟ್ಟುತ್ತಿರಲಿಲ್ಲ. ಕಂಡದ್ದು ಇಷ್ಟವಾಗದಿದ್ದರೆ ಅದಕ್ಕೆ ಅಂಕ ಸೇರಿಸುವ ಸೌಲಭ್ಯ ಇಲಾಖೆಗಿದೆ. ನಮ್ಮ ಸಂಬಳದ ಚೀಟಿಗೆ ಅದನ್ನು ವಿಸ್ತರಿಸಿದವರಿಲ್ಲ.

2023ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ, ಕ್ಯಾಮೆರಾ ಬಂದ ವರ್ಷ 21ನೇ ಸ್ಥಾನಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳು ಅಷ್ಟೊಂದು ಬದಲಾಗಲು ಸಾಧ್ಯವೇ? ಮಕ್ಕಳು ಎರಡೂ ವರ್ಷ ಹಾಗೇ ಇದ್ದರು. ಸನ್ಮಾನವೂ ಅವರ ಕಲಿಕೆಗೆ ಬಂದದ್ದಲ್ಲ, ಅವಮಾನವೂ ಅದರಿಂದಾದದ್ದಲ್ಲ.

ಮುಖ್ಯಮಂತ್ರಿಗಳು ಕೃಪಾಂಕದ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಹೋಯಿತು. ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಹಿಂದಿನ ವರ್ಷದ 73.40ರ ಪಕ್ಕದಲ್ಲಿಟ್ಟು ಅದನ್ನು ಕುಸಿತ ಎಂದರು. ಕೃಪಾಂಕ ಕಳೆದು ಲೆಕ್ಕ ಹಾಕಿದರೆ ಅದು ಏರಿಕೆ. ಮಕ್ಕಳು ಸ್ವಂತ ಬಲದಿಂದ ಮೇಲೆ ಹತ್ತಿದ ವರ್ಷವೇ ಅವರಿಗೆ ಬೈಗುಳ ಬಿತ್ತು.

ಅದೇ ವರ್ಷ ಇನ್ನೊಂದು ತೀರ್ಮಾನವೂ ಬಂತು. ಒಟ್ಟಾರೆ ಶೇ 33 ಅಂಕ ಇದ್ದು, ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದಿದ್ದರೆ ಪಾಸು. ತಪ್ಪೇನಿಲ್ಲ, ಬೇರೆ ಮಂಡಳಿಗಳಲ್ಲೂ ಇಂಥದ್ದಿದೆ. ಆದರೆ ಇನ್ನು ಮುಂದೆ ಶೇಕಡಾವಾರು ಏರಿದಾಗಲೆಲ್ಲ, ಏರಿದ್ದು ಕಲಿಕೆಯೋ ಇಳಿದದ್ದು ಗೆರೆಯೋ ಎಂದು ಕೇಳಬೇಕಾಗುತ್ತದೆ. ಸುದ್ದಿಗೋಷ್ಠಿಯಲ್ಲಿ ಆ ಪ್ರಶ್ನೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಕಾಫಿ ಬಂದಿರುತ್ತದೆ.

ಇದಿಷ್ಟೂ ನಡೆಯುವಾಗ ಶಾಲೆಯೊಳಗೆ ಏನಾಗುತ್ತಿರುತ್ತದೆ? ಡಿಸೆಂಬರ್ ಕಳೆಯುತ್ತಿದ್ದಂತೆ ಹತ್ತನೇ ತರಗತಿ ಮಾತ್ರ ಶಾಲೆ, ಉಳಿದದ್ದೆಲ್ಲ ಕಟ್ಟಡ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ನಡುವೆ ಕ್ರಿಯಾಯೋಜನೆಯ ಸಭೆ. ಎಂಟನೇ ತರಗತಿಯ ಮಗುವಿಗೆ ಏನು ಬರುವುದಿಲ್ಲ ಎಂದು ಆಗಲೇ ನೋಡಿದ್ದರೆ ಎರಡು ವರ್ಷದ ನಂತರ ಇಷ್ಟು ಓಡಾಟ ಬೇಕಿರಲಿಲ್ಲ. ಆದರೆ ಎಂಟನೇ ತರಗತಿಗೆ ಜಿಲ್ಲಾ ರ‍್ಯಾಂಕ್ ಇಲ್ಲವಲ್ಲ.

ಹಿಂದುಳಿದ ಮಕ್ಕಳಿಗಾಗಿ 'ಪಾಸಿಂಗ್ ಪ್ಯಾಕೇಜ್' ಎಂಬುದೊಂದಿದೆ. ಯಾವ ಪಾಠದಿಂದ ಎಷ್ಟು ಅಂಕ, ಯಾವ ಪ್ರಶ್ನೆ ಖಚಿತ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ಲೆಕ್ಕಾಚಾರದ ಹೊತ್ತಗೆ. ಭಾರತದ ನಕ್ಷೆ ಬರೆಯುವುದನ್ನು ಮಕ್ಕಳು ಕೈಗೆ ಬರುವಂತೆ ಅಭ್ಯಾಸ ಮಾಡುತ್ತಾರೆ. ನಕ್ಷೆಯಲ್ಲಿ ತಮ್ಮ ಊರು ಎಲ್ಲಿ ಬರುತ್ತದೆ ಎಂಬುದು ಪ್ಯಾಕೇಜಿನಲ್ಲಿಲ್ಲ.

ಮೇಷ್ಟ್ರುಗಳನ್ನು ದೂರಿ ಪ್ರಯೋಜನವಿಲ್ಲ. ಫಲಿತಾಂಶ ಇಳಿದರೆ ನೋಟಿಸ್ ಬರುವುದು ಅವರಿಗೆ, ಅನುದಾನ ಕಡಿತದ ಬೆದರಿಕೆ ಬರುವುದು ಅವರ ಶಾಲೆಗೆ. ಒಂದು ಮಗುವಿಗೆ ಓದಲು ಬರುವುದಿಲ್ಲ ಎಂದು ಆರನೇ ತರಗತಿಯಲ್ಲೇ ಪ್ರಾಮಾಣಿಕವಾಗಿ ಬರೆದ ಶಿಕ್ಷಕರಿಗೆ ಬರುವುದು ಮೆಚ್ಚುಗೆ ಪತ್ರವಲ್ಲ, ಕಾರಣ ಕೇಳುವ ಪತ್ರ. ಕಂಡದ್ದನ್ನು ಬರೆಯುವವರಿಗೆ ದಂಡ ವಿಧಿಸಿ, ಆಮೇಲೆ ವರದಿಗಳು ಯಾಕೆ ಇಷ್ಟು ಸುಂದರವಾಗಿವೆ ಎಂದು ನಾವು ಆಶ್ಚರ್ಯಪಡುತ್ತೇವೆ.

ಬೇರೆ ದಾರಿ ಇಲ್ಲವೆಂದಲ್ಲ. 2005ರಿಂದ 'ಪ್ರಥಮ್' ಸಂಸ್ಥೆ 'ಅಸರ್' ಹೆಸರಿನ ಸಮೀಕ್ಷೆ ನಡೆಸುತ್ತಿದೆ. ಅದರ ವಿಧಾನ ನಾಚಿಕೆಯಾಗುವಷ್ಟು ಸರಳ. ಹಳ್ಳಿಗೆ ಹೋಗುತ್ತಾರೆ, ಮನೆಗೆ ಹೋಗುತ್ತಾರೆ, ಮಗುವಿನ ಪಕ್ಕ ಕೂತು ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿಯ ನಾಲ್ಕು ಸಾಲು, ಎರಡನೇ ತರಗತಿಯ ಪುಟ್ಟ ಕಥೆ. ಓದು ಎನ್ನುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಇಷ್ಟು ಕೆಲಸಕ್ಕೆ ಪ್ರಶ್ನೆಪತ್ರಿಕೆ ಸೋರಿಕೆಯ ಭಯವೂ ಇಲ್ಲ, ಸೋರಿದರೂ ಯಾರಿಗೂ ಲಾಭವಿಲ್ಲ.

ಹಾಗೆ ಕೂತು ಕೇಳಿಸಿಕೊಂಡಾಗ ಗೊತ್ತಾದದ್ದೇನು? 2022ರಲ್ಲಿ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 42.8 ಮಾತ್ರ. 2024ರಲ್ಲಿ ಇದು ಶೇ 48.8ಕ್ಕೆ ಏರಿತು. ಓದಲು ಬಾರದ ಉಳಿದವರಲ್ಲಿ ಬಹುಪಾಲು ಮಕ್ಕಳು ಮುಂದೆ ಹತ್ತನೇ ತರಗತಿಗೆ ಬರುತ್ತಾರೆ. ಅಲ್ಲಿ ಅವರಿಗೆ ಓದು ಕಲಿಸಲು ಸಮಯವಿರುವುದಿಲ್ಲ. ಪಾಸು ಮಾಡಿಸಲು ಮಾತ್ರ ಇರುತ್ತದೆ.

'ಅಸರ್' ಅಂಕಿಯೂ ಅಂಕಿಯೇ ಎನ್ನಬಹುದು. ಹೌದು. ಆದರೆ ಆ ಅಂಕಿಯ ಹಿಂದೆ ಒಂದು ಮಗು ಗಟ್ಟಿಯಾಗಿ ಓದಿದ ಸದ್ದಿದೆ, ತಡವರಿಸಿದ ಸದ್ದೂ ಇದೆ. ನಮ್ಮ ಜಿಲ್ಲಾ ರ‍್ಯಾಂಕಿನ ಹಿಂದೆ ಇರುವುದು ಹೆಚ್ಚಾಗಿ ಕುರ್ಚಿ ಸರಿದ ಸದ್ದು.

ಶಾಲೆಯ ಮಾತು ಸಾಕು. ಊರ ಹೊರಗೆ ಬನ್ನಿ, ಸ್ವಲ್ಪ ಮೂಗು ಮುಚ್ಚಿಕೊಳ್ಳಬೇಕಾಗಬಹುದು. 2019ರ ಅಕ್ಟೋಬರ್ 2ರಂದು, ಗಾಂಧಿಯವರ 150ನೇ ಜಯಂತಿಯ ದಿನ, ಗ್ರಾಮೀಣ ಭಾರತ ಬಯಲು ಶೌಚಮುಕ್ತವಾಯಿತೆಂದು ಅಹಮದಾಬಾದಿನಲ್ಲಿ ಪ್ರಧಾನಿ ಘೋಷಿಸಿದರು. ಅದೇ 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ದೇಶದ ಶೇ 19ರಷ್ಟು ಮನೆಗಳವರು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲ ಎಂದಿತು. ಎರಡೂ ಸರ್ಕಾರದ್ದೇ ಮಾತು. ಒಂದನ್ನು ವೇದಿಕೆಯಲ್ಲಿ ಹೇಳಿದರು, ಇನ್ನೊಂದನ್ನು ಪಿಡಿಎಫ್‌ನಲ್ಲಿ ಇಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ ಹಿಂದಿನ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ 39 ಇತ್ತು. ಅರ್ಧಕ್ಕೆ ಇಳಿದದ್ದು ದೊಡ್ಡ ಕೆಲಸ, ಕೋಟ್ಯಂತರ ಹೆಂಗಸರ ಬದುಕು ಬದಲಿಸಿದ ಕೆಲಸ. ಇದ್ದದ್ದನ್ನು ಇದ್ದಂತೆ ಹೇಳಿದ್ದರೂ ಚಪ್ಪಾಳೆ ಬೀಳುತ್ತಿತ್ತು. ಆದರೆ ಶೇ 81 ಎಂಬ ಅಂಕಿಗೆ ಹಾರ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ನೂರೇ ಆಗಬೇಕು.

ನೂರು ಎಂದು ಘೋಷಿಸಿದರೆ ಏನಾಗುತ್ತದೆ? ಕಟ್ಟಿದ ಶೌಚಾಲಯದಲ್ಲಿ ನೀರಿಲ್ಲದೆ ಸೌದೆ ತುಂಬಿಟ್ಟ ಮನೆಯವರು ಪಂಚಾಯಿತಿಗೆ ಹೋಗಿ ಏನೆಂದು ಹೇಳಬೇಕು? ಕಡತದಲ್ಲಿ ಅವರ ಸಮಸ್ಯೆ ಪರಿಹಾರವಾಗಿ ಫೋಟೊ ಕೂಡ ಲಗತ್ತಾಗಿದೆ. ಪರಿಹಾರವಾದ ಮೇಲೂ ಸಮಸ್ಯೆ ಇಟ್ಟುಕೊಂಡಿರುವುದು ಅವರದೇ ತಪ್ಪು.

ನೀರಿನ ಮಾತಿಗೆ ಬಂದರೆ ಜಲಜೀವನ್ ಮಿಷನ್. ನಮ್ಮಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಚೆಂದದ ಹೆಸರೂ ಇದೆ. 2019ರಲ್ಲಿ ಆರಂಭವಾದಾಗ ದೇಶದ ಮೂರೂಕಾಲು ಕೋಟಿಯಷ್ಟು ಗ್ರಾಮೀಣ ಮನೆಗಳಿಗೆ ಮಾತ್ರ ನಳವಿತ್ತು. ಈಗ ಅದು 15 ಕೋಟಿ ದಾಟಿದೆ. 2024ಕ್ಕೆ ಎಲ್ಲ ಮುಗಿಯಬೇಕಿತ್ತು. ಗಡುವು 2028ಕ್ಕೆ ಹೋಗಿದೆ. ಗುರಿಗಿಂತ ವೇಗವಾಗಿ ಓಡುವುದು ನಮ್ಮಲ್ಲಿ ಗಡುವು ಒಂದೇ.

ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಯೋಜನೆಯ ಅಳತೆ. ನಳ ಎಣಿಸುವುದು ಸುಲಭ, ಅದು ಗೋಡೆಗೆ ಅಂಟಿಕೊಂಡು ಅಲ್ಲೇ ಇರುತ್ತದೆ. ನೀರು ಹಾಗಲ್ಲ, ಅದು ಬಂದಾಗ ಯಾರಾದರೂ ಅಲ್ಲಿದ್ದು ನೋಡಬೇಕು, ಎಷ್ಟು ಹೊತ್ತು ಬಂತು, ಕೊನೆಯ ಮನೆಗೆ ತಲುಪಿತೇ ಎಂದು ಕೇಳಬೇಕು. ಏಪ್ರಿಲ್ ತಿಂಗಳಿನಲ್ಲಿ ಬೋರ್‌ವೆಲ್ ಬತ್ತಿದಾಗಲೂ ನಳ ಮಾತ್ರ ಲೆಕ್ಕದಲ್ಲಿ ಕಾರ್ಯನಿರತವಾಗಿರುತ್ತದೆ.

ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ಅಳೆಯುವ ಭಾಗವನ್ನು ನಮ್ಮ ಇಲಾಖೆಗಳು ನಿಷ್ಠೆಯಿಂದ ಪಾಲಿಸುತ್ತಿವೆ. ಸುರಿದದ್ದು ಹೊಳೆಗೇ ಎಂಬುದು ಬೇರೆ ಇಲಾಖೆಯ ವಿಷಯ.

ನೋಡುವ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ಹೇಗೆ? ಅದನ್ನೂ ಮಾಡಿ ನೋಡಿದ್ದಾಯಿತು. ಉದ್ಯೋಗ ಖಾತ್ರಿ ಕೆಲಸದಲ್ಲಿ ಹಾಜರಾತಿಗೆ ಮೊಬೈಲ್ ಆ್ಯಪ್ ತಂದು, 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಬಾರಿ ಕೂಲಿಕಾರರ ಫೋಟೊ, ಜಾಗದ ಗುರುತು ಸಮೇತ. ನೆಟ್‌ವರ್ಕ್ ಸಿಗದ ಗುಡ್ಡದ ಮೇಲೆ ಕೆಲಸ ಮಾಡಿದವರು ಕೆಲಸ ಮಾಡಿಯೂ ಗೈರುಹಾಜರು.

2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಆ್ಯಪ್‌ಗೆ ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು ಬರುತ್ತಿವೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ ಎಂಬುದು ಅದರ ಅಳಲು. ಕಣ್ಣಿನ ಬದಲು ಕ್ಯಾಮೆರಾ ಇಟ್ಟರು, ಕ್ಯಾಮೆರಾದ ಮುಂದೆ ಜನರ ಬದಲು ಫೋಟೊ ಬಂತು. ಇನ್ನು ಆ ಫೋಟೊಗಳನ್ನು ಪರಿಶೀಲಿಸಲು ಜನ ಬೇಕು, ಅವರ ಹಾಜರಾತಿಗೆ ಇನ್ನೊಂದು ಆ್ಯಪ್ ಬೇಕು.

ಎಸ್‌ಎಸ್‌ಎಲ್‌ಸಿ ಕೊಠಡಿಯಲ್ಲಿ ಕ್ಯಾಮೆರಾ ಕೆಲಸ ಮಾಡಿತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕ್ಯಾಮೆರಾದ ಆಚೆ ಬದಿಯಲ್ಲಿ ಒಬ್ಬರು ಕೂತು ನಿಜಕ್ಕೂ ನೋಡುತ್ತಿದ್ದರು. ವ್ಯತ್ಯಾಸ ಇಷ್ಟೇ, ಮತ್ತು ಬಜೆಟ್‌ನಲ್ಲಿ ಹಣ ಸಿಗುವುದು ಯಾವಾಗಲೂ ಕ್ಯಾಮೆರಾಕ್ಕೆ ಮಾತ್ರ.

ನಗರವಾಸಿಗಳಿಗೆ ಇದರ ರುಚಿ ಬೇರೆ ರೂಪದಲ್ಲಿ ಸಿಗುತ್ತದೆ. ನಮ್ಮ ಬೀದಿಯ ದೀಪ ಕೆಟ್ಟಿದೆ ಎಂದು ಸಂಬಂಧಪಟ್ಟ ಕಚೇರಿಗೆ ದೂರು ಕೊಟ್ಟೆ. ಕೆಲವು ದಿನಗಳಲ್ಲಿ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು. ಸುತ್ತ ಕತ್ತಲಿದ್ದರೂ ಸಂದೇಶ ಸ್ಪಷ್ಟವಾಗಿ ಕಾಣಿಸಿತು, ಮೊಬೈಲಿಗೆ ತನ್ನದೇ ಬೆಳಕು ಇದೆಯಲ್ಲ.

ಆ ಕಚೇರಿಯವರು ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ಇಷ್ಟು ಗಂಟೆಯೊಳಗೆ ಇಷ್ಟು ದೂರು ಮುಚ್ಚಬೇಕು ಎಂಬ ಗುರಿ ಅವರಿಗಿರುತ್ತದೆ. ಮುಚ್ಚಿದರು. ದೀಪ ಉರಿಯಬೇಕು ಎಂಬ ಗುರಿಯನ್ನು ಯಾರೂ ಕೊಟ್ಟಿರಲಿಲ್ಲ.

ಕಸದ ಕಥೆಯೂ ಹೀಗೇ. ಸ್ವಚ್ಛ ಸರ್ವೇಕ್ಷಣ 2016ರಲ್ಲಿ ಆರಂಭವಾದಾಗ 73 ನಗರಗಳಲ್ಲಿ ಮೈಸೂರು ಮೊದಲು ಬಂದಿತ್ತು, ನಮಗೆಲ್ಲ ಹೆಮ್ಮೆ. ಆದರೆ ಯಾವ ವರ್ಷವೇ ಇರಲಿ, ಬೆಂಗಳೂರಿನ ಮೂಲೆ ಮೂಲೆಯ ಕಸ ಸುರಿಯುವ ಬ್ಲ್ಯಾಕ್‌ಸ್ಪಾಟ್‌ಗಳು ಹಾಗೇ ಇರುತ್ತವೆ. 2024ರ ಸಾಲಿನ ಸಮೀಕ್ಷೆಯಲ್ಲಿ ಹತ್ತು ಲಕ್ಷ ಜನಸಂಖ್ಯೆ ಮೀರಿದ 40 ನಗರಗಳ ಪೈಕಿ ಬೆಂಗಳೂರಿಗೆ 36ನೇ ಸ್ಥಾನ. ಇದನ್ನು ತಿಳಿಯಲು ಬೆಂಗಳೂರಿಗರಿಗೆ ಸಮೀಕ್ಷೆ ಬೇಕಿರಲಿಲ್ಲ, ಮೂಗು ಸಾಕಿತ್ತು.

ಬ್ಲ್ಯಾಕ್‌ಸ್ಪಾಟ್‌ಗೆ ನಮ್ಮವರು ಕಂಡುಕೊಂಡ ಪರಿಹಾರ ರಂಗೋಲಿ. ಕಸ ಎತ್ತಿ, ರಂಗೋಲಿ ಹಾಕಿ, ಫೋಟೊ ತೆಗೆಯುತ್ತಾರೆ. ಆ ಮೂಲೆಗೇ ಕಸ ಯಾಕೆ ಬಂದು ಬೀಳುತ್ತದೆ, ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಎರಡು ದಿನ ನಿಂತು ನೋಡಿದವರಿಲ್ಲ. ಮೂರನೇ ದಿನ ಕಸ ಬೀಳುವುದು ರಂಗೋಲಿಯ ಮೇಲೆ.

ನಿಂತು ನೋಡಿದವರ ಉದಾಹರಣೆ ಇಲ್ಲವೇ? ಇದೆ, ನಮ್ಮ ಮೈಸೂರಿನವರದೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಹತ್ತಿರ ಹತ್ತಿರ ಒಂದು ವರ್ಷ ಉಳಿದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರಿಟ್ಟರು. ವಾಸಕ್ಕೆ ಸಿಕ್ಕಿದ್ದು ಊರ ಮುಖ್ಯಸ್ಥರ ದನದ ಮನೆಯ ಒಂದು ಭಾಗ. ಇಂದಿನ ಅಧ್ಯಯನ ತಂಡಗಳಿಗೆ ಮೊದಲು ಹವಾನಿಯಂತ್ರಿತ ಕಾರು ಸಿಗಬೇಕು, ಆಮೇಲೆ ಹಳ್ಳಿ.

ಅವರು ಆ ಊರನ್ನು ಉದ್ಧಾರ ಮಾಡಲು ಹೋಗಿರಲಿಲ್ಲ, ಅಂಕಪಟ್ಟಿ ತುಂಬಲೂ ಅಲ್ಲ. ಯಾರು ಯಾರ ಜಮೀನು ಉಳುತ್ತಾರೆ, ಯಾರ ಜಗಳ ಯಾರ ಜಗಲಿಯಲ್ಲಿ ತೀರ್ಮಾನವಾಗುತ್ತದೆ, ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರು ಉಣ್ಣುವುದಿಲ್ಲ ಎಂದು ನೋಡಿದರು, ಬರೆದುಕೊಂಡರು. ಶಾಸ್ತ್ರಗ್ರಂಥ ಹೇಳುವ ಜಾತಿ ಬೇರೆ, ಊರಿನಲ್ಲಿ ನಡೆಯುವ ಜಾತಿ ಬೇರೆ ಎಂಬುದು ಹಾಗೆ ನೋಡಿದ್ದರಿಂದಲೇ ಕಂಡದ್ದು. ಸಂಖ್ಯಾಬಲ, ಜಮೀನು, ಅಧಿಕಾರ ಸೇರಿದ ಪ್ರಬಲ ಜಾತಿಯ ವಿಚಾರವನ್ನು ಅವರು ಮುಂದಿಟ್ಟರು. ಅದನ್ನು ಓದದೆಯೂ ನಮ್ಮ ಪಕ್ಷಗಳು ಟಿಕೆಟ್ ಹಂಚುವುದರಲ್ಲಿ ಪಾಂಡಿತ್ಯ ಗಳಿಸಿವೆ.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಬರೆಯಲು ಕೂತಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ವರ್ಷಗಟ್ಟಲೆ ಸಂಸ್ಕರಿಸಿ ಇಟ್ಟ ಟಿಪ್ಪಣಿಗಳು ಸುಟ್ಟುಹೋದವು. ಶ್ರೀನಿವಾಸ್ ನೆನಪಿನಿಂದಲೇ ಆ ಊರನ್ನು ಬರೆದರು. 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು. ಕಣ್ಣಾರೆ ನೋಡಿದವರಿಗೆ ಕಡತ ಸುಟ್ಟರೂ ಊರು ಉಳಿಯುತ್ತದೆ. ನಮ್ಮ ಕಚೇರಿಗಳಲ್ಲಿ ಬೆಂಕಿ ಬಿದ್ದರೆ ಉಳಿಯುವುದು ನೆಮ್ಮದಿ.

ರಾಜಸ್ಥಾನದ ಕಥೆಯೂ ಇದೆ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಸಂಗಡಿಗರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, 1994ರಲ್ಲಿ ಊರ ಮುಂದೆ ಜನಸುನವಾಯಿ ಎಂಬ ಬಹಿರಂಗ ವಿಚಾರಣೆ ಆರಂಭಿಸಿತು. ಮಾಡಿದ್ದಿಷ್ಟೇ: ಸರ್ಕಾರಿ ಕಾಮಗಾರಿಯ ಹಾಜರಾತಿ ಪಟ್ಟಿಯನ್ನು ಊರವರ ಎದುರು ಗಟ್ಟಿಯಾಗಿ ಓದಿದರು. ಕೆಲಸ ಮಾಡದವರ ಹೆಸರು ಬಂತು, ಸತ್ತವರ ಹೆಸರೂ ಬಂತು. ಲೆಕ್ಕದಲ್ಲಿ ಪೂರ್ಣಗೊಂಡ ಕಾಮಗಾರಿಗೆ ಸ್ವರ್ಗದಿಂದಲೂ ಕೂಲಿಕಾರರು ಬಂದಿದ್ದರು.

ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದು ಆ ಬಯಲಿನಿಂದ. 2005ರಲ್ಲಿ ಕಾಯ್ದೆ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆ, ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೇ ವಹಿಸಿತು. ಕೆಲಸ ನಡೆದ ಜಾಗಕ್ಕೆ ಹೋಗಿ, ಕೆಲಸ ಮಾಡಿದವರ ಎದುರು, ಪುಸ್ತಕ ತೆರೆಯಬೇಕು ಎಂಬುದು ಅದರ ಸಾರ. ಬಹಳ ಕಡೆ ಪುಸ್ತಕ ತೆರೆಯುತ್ತಾರೆ, ಸಹಿಗೆ.

ಗುರಿ ಇಲ್ಲದೆ ನೋಡುವ ಸರ್ಕಾರಿ ವ್ಯವಸ್ಥೆಯೂ ನಮ್ಮಲ್ಲೇ ಒಂದಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದೆ. ಬಿದ್ದಷ್ಟನ್ನು ಅವು ಬರೆಯುತ್ತವೆ, ಬೀಳದಿದ್ದರೆ ಬಿದ್ದಿಲ್ಲ ಎನ್ನುತ್ತವೆ. ರೈತ ಅದನ್ನು ನಂಬಲು ಕಾರಣ ಒಂದೇ: ಮಳೆಗೆ ಮಾರ್ಚ್ ಅಂತ್ಯದ ಗುರಿ ಕೊಟ್ಟು ಪ್ರಗತಿ ಪರಿಶೀಲನೆ ಮಾಡಲು ಇನ್ನೂ ಯಾರಿಗೂ ಹೊಳೆದಿಲ್ಲ.

ಹಾಗಾದರೆ ಫಲಿತಾಂಶ ಬೇಡವೇ, ಅಂಕಿಸಂಖ್ಯೆ ಬೇಡವೇ? ಬೇಕು. ಎಷ್ಟು ಶಿಶುಗಳು ಸತ್ತವು ಎಂಬ ಲೆಕ್ಕ ಇಲ್ಲದ ದೇಶ ಶಿಶುಗಳನ್ನು ಉಳಿಸಲಾರದು. ಆ ಲೆಕ್ಕ ಕೊಡುವ ಮಾದರಿ ನೋಂದಣಿ ವ್ಯವಸ್ಥೆಯ ಕ್ರಮ ನೋಡಿ. ಆಯ್ದ ಊರಿನ ಜನನ ಮರಣಗಳನ್ನು ಒಬ್ಬ ಸ್ಥಳೀಯ ಗಣತಿದಾರರು ವರ್ಷವಿಡೀ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಸ್ವತಂತ್ರವಾಗಿ ಬಂದು ವಿಚಾರಿಸುತ್ತಾರೆ. ಎರಡನ್ನೂ ತಾಳೆ ಹಾಕಿ, ಹೊಂದದಿದ್ದರೆ ಮತ್ತೆ ಸ್ಥಳಕ್ಕೆ ಹೋಗುತ್ತಾರೆ. ರಸ್ತೆಯ ಒಂದು ಗುಂಡಿ ಮುಚ್ಚಿದ ಲೆಕ್ಕಕ್ಕೆ ಇದರ ನೂರರಲ್ಲೊಂದು ಪಾಲು ಎಚ್ಚರ ಇದ್ದಿದ್ದರೆ ನಮ್ಮ ಬೆನ್ನುಮೂಳೆಗಳು ಇನ್ನೂ ನೆಟ್ಟಗಿರುತ್ತಿದ್ದವು.

ಅಂದರೆ ಅಂಕಿ ನೋಟದ ಹಿಂದೆ ಬರಬೇಕು. ನಾವು ಅದನ್ನು ಮುಂದೆ ಕಳಿಸುತ್ತೇವೆ: ಮೊದಲು ನೂರು ಎಂದು ಬರೆದು, ಆಮೇಲೆ ನೂರಕ್ಕೆ ಹೊಂದುವಂಥದ್ದನ್ನು ಮಾತ್ರ ನೋಡುತ್ತೇವೆ. ಕಣ್ಣಿಗೆ ಬಿದ್ದ ಉಳಿದದ್ದೆಲ್ಲ 'ಷರಾ' ಕಾಲಂಗೆ ಹೋಗುತ್ತದೆ. ಆ ಕಾಲಂ ಓದಿದ ಅಧಿಕಾರಿ ಸಿಕ್ಕರೆ ಅವರಿಗೇ ಸನ್ಮಾನ ಮಾಡಬಹುದು.

ಫಲದ ಮೇಲೆ ಆಸೆ ಇಡಬೇಡ ಎಂಬ ಉಪದೇಶ ನಮಗೆ ಹೊಸದಲ್ಲ. ತೆರಿಗೆ ಕಟ್ಟುವವರು ಅದನ್ನು ಬಹಳ ವರ್ಷದಿಂದ ಪಾಲಿಸಿಕೊಂಡು ಬಂದಿದ್ದೇವೆ. ಇನ್ನೊಂದು ಕಡೆಯವರು ಮಾತ್ರ ಕರ್ಮ ಬಿಟ್ಟು ಫಲದ ಜಾಹೀರಾತು ಹಿಡಿದಿದ್ದಾರೆ.

ನಾವೇನು ಕಡಿಮೆ? ಮಗು ಶಾಲೆಯಿಂದ ಬಂದರೆ ಇವತ್ತು ಏನು ನೋಡಿದೆ ಎಂದು ಕೇಳುವ ಮನೆ ಎಷ್ಟಿವೆ? ಎಷ್ಟು ಬಂತು ಎಂದು ಕೇಳುತ್ತೇವೆ. ಪಕ್ಕದ ಮನೆಯ ಮಗುವಿಗೆ ಎಷ್ಟು ಬಂತು ಎಂದೂ ಕೇಳುತ್ತೇವೆ. ಟ್ಯೂಷನ್‌ನವರ ಪುಟಗಟ್ಟಲೆ ಜಾಹೀರಾತಿನಲ್ಲಿ ಅಂಚೆಚೀಟಿ ಗಾತ್ರದ ಮುಖಗಳನ್ನು ಎಣಿಸಿ ಶುಲ್ಕ ಕಟ್ಟುತ್ತೇವೆ. ಆ ಪುಟದಲ್ಲಿಲ್ಲದ ಮುಖಗಳು ಎಷ್ಟು ಎಂದು ಕೇಳಿದರೆ ಅಪಶಕುನ ನುಡಿದಂತೆ ನೋಡುತ್ತಾರೆ.

ಶಾಲೆಯನ್ನು ನೋಡುವ ಹಕ್ಕು ನಮಗೆ ಇಲ್ಲವೆಂದೇನಿಲ್ಲ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಎಂಬ ಶಾಲಾ ಮೇಲುಸ್ತುವಾರಿ ಸಮಿತಿ ಬಂತು. ಪೋಷಕರೇ ಸದಸ್ಯರು, ಪೋಷಕರೇ ಅಧ್ಯಕ್ಷರು. ಪಂಚಾಯಿತಿಗೆ ಗ್ರಾಮಸಭೆ ಇದೆ, ನಗರಕ್ಕೆ ವಾರ್ಡ್ ಸಮಿತಿ ಇದೆ. ಎಲ್ಲವೂ ಇವೆ, ಕೋರಂ ಒಂದು ಬಿಟ್ಟು.

ಅಧಿಕಾರಿಗಳಿಗೊಂದು ಮನವಿ. ತಿಂಗಳಿಗೆ ಒಂದು ದಿನ ಮುನ್ಸೂಚನೆ ಇಲ್ಲದೆ, ಹಾರ ತುರಾಯಿ ಇಲ್ಲದೆ, ನಮೂನೆ ಹಿಡಿಯದೆ ಒಂದು ಶಾಲೆಯ ಹಿಂದಿನ ಬೆಂಚಿನಲ್ಲಿ, ಒಂದು ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ, ಒಂದು ಬಸ್ ನಿಲ್ದಾಣದ ಕಲ್ಲಿನ ಮೇಲೆ ಎರಡು ಗಂಟೆ ಕೂರಿ. ಸುಧಾರಣೆ ಮಾಡಬೇಡಿ, ಸೂಚನೆ ಕೊಡಬೇಡಿ, ಸುಮ್ಮನೆ ನೋಡಿ. ಇದಕ್ಕೆ ಟೆಂಡರ್ ಬೇಕಿಲ್ಲ, ಅದೇ ಇದರ ದೊಡ್ಡ ದೋಷ.

ನಾವೂ ಹೋಗೋಣ. ಮುಂದಿನ ಫಲಿತಾಂಶಕ್ಕೆ ಕಾಯದೆ, ಜೂನ್ ತಿಂಗಳಿನ ಒಂದು ಸಾಧಾರಣ ಮಂಗಳವಾರ ಊರಿನ ಶಾಲೆಗೋ, ಪಂಚಾಯಿತಿಗೋ, ನೀರಿನ ಟ್ಯಾಂಕಿನ ಬುಡಕ್ಕೋ ಹೋಗಿ ನಿಲ್ಲೋಣ. ಏನು ವಿಷಯ, ಯಾಕೆ ಬಂದಿರಿ ಎಂದು ಕೇಳಿಯೇ ಕೇಳುತ್ತಾರೆ. ನೋಡೋಕೆ ಬಂದೆ ಎನ್ನಿ. ಅದಕ್ಕೆ ಅರ್ಜಿ ನಮೂನೆ ಇಲ್ಲವಾದ್ದರಿಂದ ಸ್ವಲ್ಪ ಹೊತ್ತು ಕಾಯಿಸುತ್ತಾರೆ. ಕಾಯಿರಿ, ಕಾಯುವಾಗಲೂ ಕಣ್ಣು ತೆರೆದಿರಲು ಶುಲ್ಕ ಇಲ್ಲ, ಸದ್ಯಕ್ಕೆ.